ಆ್ಯಂಡಿ ಬೆಳೆದ, ವುಡಿ ಬೆಳೆಯಲಿಲ್ಲ: ಟಾಯ್ ಸ್ಟೋರಿ ಸರಣಿಯನ್ನು ಫ್ರೇಮು ಫ್ರೇಮಾಗಿ ನೋಡುವವರಿಗೆ

ಚಿತ್ರಪಟ:
ಪಿಕ್ಸಾರ್ ಸ್ಟುಡಿಯೊದ ಕಂಪ್ಯೂಟರ್ ಅನಿಮೇಷನ್ ಸರಣಿ ಟಾಯ್ ಸ್ಟೋರಿಯ ಮೊದಲ ನಾಲ್ಕು ಚಿತ್ರಗಳನ್ನು ಬಿಡುಗಡೆಯಾದ ಕ್ರಮದಲ್ಲಿ, ಪಕ್ಕದಲ್ಲಿ ಟಿಪ್ಪಣಿ ಪುಸ್ತಕ ಇಟ್ಟುಕೊಂಡು ನೋಡಬೇಕು ಅಂದುಕೊಂಡವರಿಗಾಗಿ ಈ ಚರ್ಚೆ. 1995, 1999, 2010, 2019. ಅವಧಿ ಕ್ರಮವಾಗಿ 81, 92, 103, 100 ನಿಮಿಷ. ಒಟ್ಟು ಆರೂಕಾಲು ಗಂಟೆ.

ಈ ಸರಣಿ ನೋಡುಗರ ಜೊತೆಗೇ ಬೆಳೆಯಿತು ಎಂಬ ಮಾತು ಎಲ್ಲೆಲ್ಲೂ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡಿ. ಮೊದಲ ಚಿತ್ರದಲ್ಲಿ ಗೊಂಬೆಗಳ ಒಡೆಯ ಆ್ಯಂಡಿ ಹುಟ್ಟುಹಬ್ಬಕ್ಕೆ ಕುಣಿಯುವ ಪುಟ್ಟ ಹುಡುಗ. ಮೂರನೆಯದರಲ್ಲಿ 17 ವರ್ಷದವನು, ಕಾಲೇಜಿಗೆ ಹೊರಟು ನಿಂತಿದ್ದಾನೆ. ಹೊರಗಿನ ಕ್ಯಾಲೆಂಡರಿನಲ್ಲಿ ಅಷ್ಟರೊಳಗೆ 15 ವರ್ಷ ಕಳೆದಿವೆ. 2010ರಲ್ಲಿ ಅವನಂತೆಯೇ 17 ಆಗಿದ್ದವರು 1993ರಲ್ಲಿ ಹುಟ್ಟಿದವರು, ಮೊದಲ ಚಿತ್ರ ಬಂದಾಗ ಅವರಿನ್ನೂ ಎರಡು ವರ್ಷದ ಕೂಸುಗಳು. ಆ್ಯಂಡಿಯ ವಯಸ್ಸಿನಲ್ಲೇ ಮೊದಲನೆಯದನ್ನು ನೋಡಿದವರು ಮೂರನೆಯದು ಬರುವ ಹೊತ್ತಿಗೆ ಇಪ್ಪತ್ತು ದಾಟಿದ್ದರು. ಅಂದರೆ ಚಿತ್ರದ ಗಡಿಯಾರ ನಮ್ಮದಕ್ಕಿಂತ ನಿಧಾನ. ನೋಡುಗರು ಅವನನ್ನು ಹಿಂದೆ ಹಾಕಿ ಮುಂದೆ ಹೋಗಿ, ತಿರುಗಿ ನೋಡುವ ಜಾಗದಲ್ಲಿ ನಿಂತಿದ್ದರು. ಮೂರನೆಯ ಚಿತ್ರದ ಕೊನೆ ಅಷ್ಟು ಆಳಕ್ಕೆ ಇಳಿಯುವುದಕ್ಕೆ ಇದು ಮುಖ್ಯ ಕಾರಣ ಎಂದು ನನ್ನ ಎಣಿಕೆ.

ಬೆಳೆದವರು ನೋಡುಗರು, ಆ್ಯಂಡಿ, ಮತ್ತು ಚಿತ್ರ ತಯಾರಿಸುವ ಯಂತ್ರಗಳು. ಆ್ಯಂಡಿಯ ಮೆಚ್ಚಿನ ಕೌಬಾಯ್ ಗೊಂಬೆ ವುಡಿ ಮಾತ್ರ ಹಾಗೇ ಇದ್ದಾನೆ. ಅವನನ್ನು ಹಾಗೇ ಉಳಿಸಿಕೊಳ್ಳಲು ಪಟ್ಟ ಶ್ರಮವೇ ಈ ಸರಣಿಯ ಬೆನ್ನೆಲುಬು. ಅದು ಕಣ್ಣಿಗೆ ಕಾಣುವ ಜಾಗಗಳನ್ನು ಒಬ್ಬೊಬ್ಬರೂ ಹೇಳಿ. ಯಾವ ಪ್ರತಿ, ಯಾವ ಶಾಟು, ಏನನ್ನು ಗಮನಿಸಬೇಕು.

ರೀಲುಸುತ್ತು:
ಮೊದಲು ಪ್ರತಿಯ ವಿಷಯ. ಇಲ್ಲಿ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪು.

ಚಿತ್ರಗಳು ಸೆಕೆಂಡಿಗೆ 24 ಫ್ರೇಮಿನವು. ಬ್ಲೂ-ರೇಯಲ್ಲಿ 24ರ ಲೆಕ್ಕ ಉಳಿದಿರುತ್ತದೆ, ಹಳೆಯ ಡಿವಿಡಿಗಳಲ್ಲಿ ಉಳಿದಿರುವುದಿಲ್ಲ. ಪಾಲ್ ಪದ್ಧತಿಯ (ಭಾರತ, ಯುರೋಪಿನ ಹಳೆಯ ಟಿವಿ ಪದ್ಧತಿ) ಡಿವಿಡಿ ಸೆಕೆಂಡಿಗೆ 25 ಓಡಿಸುತ್ತದೆ. 81 ನಿಮಿಷದ ಚಿತ್ರ 78 ನಿಮಿಷದೊಳಗೆ ಮುಗಿಯುತ್ತದೆ, ದನಿಯನ್ನು ಸರಿಪಡಿಸದೆ ಹಾಕಿದ್ದರೆ ಶ್ರುತಿ ಅರ್ಧ ಸ್ವರದ ಹತ್ತಿರಕ್ಕೆ ಏರಿಬಿಡುತ್ತದೆ. ವುಡಿಯ ದನಿ ತೆಳ್ಳಗೆ ಕೇಳಿದರೆ ಅನುಮಾನ ಪಡಬೇಕಾದ್ದು ಇಲ್ಲೇ. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯ ಡಿವಿಡಿಯಲ್ಲಿ ತೊಂದರೆ ಬೇರೆ ತರಹದ್ದು. ಅಲ್ಲಿ ಪ್ರತಿ 4 ಫ್ರೇಮನ್ನು 5 ಮಾಡಿರುತ್ತಾರೆ, ಆ ಐದರಲ್ಲಿ ಎರಡು ಅಕ್ಕಪಕ್ಕದ ಫ್ರೇಮುಗಳ ಗೆರೆಗಳನ್ನು ಹೆಣೆದ ಮಿಶ್ರಣ. ನಿಲ್ಲಿಸಿದಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತಹ ಗೆರೆ ಕಂಡರೆ ಆ ಫ್ರೇಮನ್ನು ಎಣಿಕೆಗೆ ತೆಗೆದುಕೊಳ್ಳಬೇಡಿ.

ಟಿವಿಯಲ್ಲಿ ನೋಡುವುದಾದರೆ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಆಫ್ ಮಾಡಿ. ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿರುತ್ತದೆ, ಕೆಲಸ ಮಾತ್ರ ಒಂದೇ: ಎರಡು ಫ್ರೇಮಿನ ನಡುವೆ ಇಲ್ಲದ ಫ್ರೇಮನ್ನು ಊಹಿಸಿ ತುರುಕುವುದು. ಅನಿಮೇಟರು ಬೇಕೆಂದೇ ಗಕ್ಕನೆ ನಿಲ್ಲಿಸಿದ ಕೈ ಆಗ ಬೆಣ್ಣೆಯಲ್ಲಿ ಜಾರಿದಂತೆ ಕಾಣುತ್ತದೆ.

ಕಂಪ್ಯೂಟರಿನಲ್ಲಾದರೆ ವಿಎಲ್‌ಸಿ ಪ್ಲೇಯರಿನಲ್ಲಿ ‘ಇ’ ಕೀಲಿ ಒತ್ತಿದಷ್ಟು ಸಲ ಒಂದೊಂದೇ ಫ್ರೇಮು ಮುಂದೆ ಹೋಗುತ್ತದೆ. ಎಂಪಿವಿ ಪ್ಲೇಯರಿನಲ್ಲಿ ಪೂರ್ಣವಿರಾಮದ ಕೀಲಿ ಮುಂದಕ್ಕೆ, ಅಲ್ಪವಿರಾಮದ ಕೀಲಿ ಹಿಂದಕ್ಕೆ. ಹಿಂದಕ್ಕೆ ಹೋಗುವಾಗ ತಡವರಿಸಿದರೆ ಫೈಲು ಕೆಟ್ಟಿದೆ ಅಂದುಕೊಳ್ಳಬೇಡಿ. ಸಂಕುಚಿತ ವಿಡಿಯೊದಲ್ಲಿ ಹೆಚ್ಚಿನ ಫ್ರೇಮುಗಳು ‘ಬೇರೆ ಫ್ರೇಮಿಗಿಂತ ಇಷ್ಟು ಬದಲಾಗಿದೆ’ ಎಂಬ ವ್ಯತ್ಯಾಸವಾಗಿಯಷ್ಟೇ ಉಳಿದಿರುತ್ತವೆ. ಒಂದು ಫ್ರೇಮು ಹಿಂದೆ ಹೋಗಬೇಕಾದರೂ ಪ್ಲೇಯರು ಹಿಂದಿನ ಪೂರ್ಣ ಫ್ರೇಮಿನವರೆಗೆ ಓಡಿ, ಅಲ್ಲಿಂದ ಮತ್ತೆ ಕಟ್ಟಿಕೊಂಡು ಬರಬೇಕು.

ಮಲ್ಲಿಗೆಮೊಗ್ಗು:
ಒಂದು ಪ್ರಶ್ನೆ. ಮೊದಲ ಚಿತ್ರದಲ್ಲಿ ಗೊಂಬೆಗಳು ಇವತ್ತಿಗೂ ಚೆನ್ನಾಗಿ ಕಾಣುತ್ತವೆ, ಮನುಷ್ಯರ ಮುಖ ಮಾತ್ರ ರಬ್ಬರಿನ ಮುಖವಾಡದಂತೆ ಕಾಣುತ್ತದಲ್ಲ, ಯಾಕೆ? ಹುಟ್ಟುಹಬ್ಬಕ್ಕೆ ಬಂದ ಮಕ್ಕಳಂತೂ ಎಲ್ಲರೂ ಒಂದೇ ತಾಯಿಯ ಮಕ್ಕಳಂತಿದ್ದಾರೆ.

ನೆರಳುಬೆಳಕು:
ಮೇಡಂ, ಆ ಮಕ್ಕಳಿಗೆಲ್ಲ ಆ್ಯಂಡಿಯ ಮುಖದ ಮಾದರಿಯನ್ನೇ ಹಾಕಿ ಕೂದಲು, ಬಣ್ಣ, ಬಟ್ಟೆ ಬದಲಾಯಿಸಿದ್ದಾರೆ. ಮನುಷ್ಯ ಮಾದರಿಯೊಂದನ್ನು ಹೊಸದಾಗಿ ಕಟ್ಟುವುದು ಆಗ ಅಷ್ಟು ದುಬಾರಿ ಕೆಲಸ.

ಚರ್ಮದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ಲಾಸ್ಟಿಕ್ಕಿನ ಮೇಲೆ ಬಿದ್ದ ಬೆಳಕು ಹೆಚ್ಚುಕಡಿಮೆ ಮೇಲ್ಮೈಯಿಂದಲೇ ವಾಪಸಾಗುತ್ತದೆ. ಚರ್ಮ ಹಾಗಲ್ಲ. ಬೆಳಕು ಒಳಗಿಳಿದು, ಅಲ್ಲಿ ಚದುರಿ, ಕೆಂಪಾಗಿ ಬೇರೊಂದು ಕಡೆಯಿಂದ ಹೊರಗೆ ಬರುತ್ತದೆ. ದೀಪಕ್ಕೆ ಅಡ್ಡ ಹಿಡಿದ ಬೆರಳಿನ ಅಂಚು ಕೆಂಪಗಾಗುವುದು ಇದರಿಂದಲೇ. 1995ರ ಯಂತ್ರಗಳಲ್ಲಿ ಈ ಒಳಬೆಳಕಿನ ಲೆಕ್ಕವೇ ಇರಲಿಲ್ಲ. ಹಾಗಾಗಿ ಏನನ್ನು ಮಾಡಿದರೂ ಪ್ಲಾಸ್ಟಿಕ್ಕಿನಂತೆ ಕಾಣುತ್ತಿತ್ತು. ಪ್ಲಾಸ್ಟಿಕ್ಕಿನಂತೆಯೇ ಕಾಣಬೇಕಾದವರನ್ನು ನಾಯಕರಾಗಿ ಆರಿಸಿಕೊಂಡದ್ದು ಅವರ ದೊಡ್ಡ ಜಾಣತನ. ಪಿಕ್ಸಾರ್ 1988ರಲ್ಲಿ ಮಾಡಿದ ಟಿನ್ ಟಾಯ್ ಕಿರುಚಿತ್ರ ಆಸ್ಕರ್ ಗೆದ್ದಿತ್ತು. ಅದರಲ್ಲಿ ತಗಡಿನ ಆಟಿಕೆ ಎಷ್ಟು ಚೆಂದವೋ ಮಗು ಅಷ್ಟೇ ಕಣ್ಣಿಗೆ ಒರಟು. ಆ ಪಾಠ ಟಾಯ್ ಸ್ಟೋರಿಯ ಶಾಟು ಶಾಟಿನಲ್ಲೂ ಇದೆ. ಆ್ಯಂಡಿಯನ್ನು ಆದಷ್ಟು ಕೈಯಾಗಿ, ಕಾಲಾಗಿ, ಬೆನ್ನಾಗಿ ತೋರಿಸುತ್ತಾರೆ. ಕ್ಯಾಮೆರಾ ಗೊಂಬೆಯ ಎತ್ತರದಲ್ಲಿ ಇರುವುದರಿಂದ ಅದು ಕೊರತೆಯಾಗಿ ಕಾಣುವುದಿಲ್ಲ.

ಅಂಕಿಗಳು ಬೇಕಾದವರಿಗೆ: ಮೊದಲ ಚಿತ್ರದಲ್ಲಿ 1,14,240 ಫ್ರೇಮುಗಳು. 24ರಿಂದ ಭಾಗಿಸಿದರೆ 79 ನಿಮಿಷ 20 ಸೆಕೆಂಡು. ರೆಂಡರಿಂಗಿಗೆ, ಅಂದರೆ ಗಣಕದೊಳಗಿನ ಮಾದರಿಗಳನ್ನು ಲೆಕ್ಕ ಹಾಕಿ ಅಂತಿಮ ಚಿತ್ರವಾಗಿಸಲು, 117 ಸನ್ ಕಂಪನಿಯ ಕಂಪ್ಯೂಟರುಗಳು, ಅವುಗಳಲ್ಲಿ 87 ಎರಡು ಪ್ರೊಸೆಸರಿನವು, 30 ನಾಲ್ಕು ಪ್ರೊಸೆಸರಿನವು. ಒಟ್ಟು 8 ಲಕ್ಷ ಯಂತ್ರಗಂಟೆ. ಸರಾಸರಿ ಒಂದು ಫ್ರೇಮಿಗೆ ಏಳು ಗಂಟೆ. ಹಗುರ ಫ್ರೇಮು ಮುಕ್ಕಾಲು ಗಂಟೆಯಲ್ಲಿ ಮುಗಿದರೆ ಭಾರದ್ದಕ್ಕೆ ಹಗಲೂ ರಾತ್ರಿ ಹಿಡಿಯುತ್ತಿತ್ತು. ಆ್ಯಂಡಿಯ ತಲೆಯಲ್ಲಿ 12,384 ಕೂದಲು. ಅದೇ ಸ್ಟುಡಿಯೊ 2001ರಲ್ಲಿ ಮಾನ್ಸ್ಟರ್ಸ್ ಇಂಕ್ ಚಿತ್ರದ ರೋಮದ ದೈತ್ಯ ಸಲಿಗೆ ಹಾಕಿದ್ದು 23 ಲಕ್ಷದಷ್ಟು. ಆರು ವರ್ಷದ ಅಂತರ ಅದು.

ಪಿಕ್ಸಾರಿನ ರೆಂಡರಿಂಗ್ ಸಾಫ್ಟ್‌ವೇರ್ ಆದ ಆಗಿನ ರೆಂಡರ್‌ಮ್ಯಾನಿನಲ್ಲಿ ಬೆಳಕಿನ ಕಿರಣ ಎಲ್ಲಿಂದ ಎಲ್ಲಿಗೆ ಪುಟಿಯುತ್ತದೆಂದು ಬೆನ್ನುಹತ್ತುವ ಪದ್ಧತಿ ಬಳಕೆಯಲ್ಲಿರಲಿಲ್ಲ. ನೆರಳಿಗೆ ಪ್ರತಿ ದೀಪದ ಜಾಗದಿಂದ ಒಂದು ಆಳದ ನಕ್ಷೆ ತೆಗೆದು, ಯಾವುದಕ್ಕೆ ಯಾವುದು ಅಡ್ಡ ಬರುತ್ತದೆಂದು ಹೋಲಿಸುತ್ತಿದ್ದರು. ನೋಡುವಾಗ ಆ್ಯಂಡಿಯ ಕೋಣೆಯ ಮಂಚದ ಕೆಳಗನ್ನು ಗಮನಿಸಿ. ನೆಲಕ್ಕೆ ಬಿದ್ದ ಬಿಸಿಲು ಪುಟಿದು ಮಂಚದ ಅಡಿಯನ್ನು ಬೆಳಗಬೇಕಿತ್ತು. ಅದು ತಾನಾಗಿ ಆಗುತ್ತಿರಲಿಲ್ಲ, ಬೆಳಕಿನ ತಂಡದವರು ಕಾಣದ ದೀಪಗಳನ್ನು ಒಂದೊಂದಾಗಿ ಕೈಯಾರೆ ಇಟ್ಟು ಆ ಪುಟಿಬೆಳಕನ್ನು ನಟಿಸಿದ್ದಾರೆ. ಯಂತ್ರ ಕೊಡದ್ದನ್ನು ಕಣ್ಣಿನ ಅಳತೆಯಿಂದ ತುಂಬಿಸಿದ ಕೆಲಸ ಅದು. ನನಗೆ ಅದರ ಮೇಲೆ ಅಪಾರ ಗೌರವ.

ಹತ್ತಿಬೊಂಬೆ:
ನೆರಳುಬೆಳಕು ಅವರು ಬೆಳಕಿನದ್ದು ಹೇಳಿದರು, ನಾನು ಚಲನೆಯದ್ದು ಹೇಳುತ್ತೇನೆ. ವುಡಿಯನ್ನು ಆಡಿಸಲು ಮೊದಲ ಚಿತ್ರದಲ್ಲಿ 723 ನಿಯಂತ್ರಣಗಳಿದ್ದವು. ಮುಖಕ್ಕೇ 212, ಅದರಲ್ಲಿ ಬಾಯಿಗೆ 58. ಬರೀ 27 ಅನಿಮೇಟರುಗಳು. ಎಂಟು ಸೆಕೆಂಡಿನ ಒಂದು ಶಾಟಿಗೆ ತುಟಿ ಮತ್ತು ಮುಖಭಾವ ಕೂಡಿಸಲು ಒಬ್ಬರಿಗೆ ಒಂದು ವಾರ ಹಿಡಿಯುತ್ತಿತ್ತು.

ಅನಿಮೇಷನ್ ಕಲಿಯುವವರು ಇದೇ ಎಂಟು ಸೆಕೆಂಡನ್ನು ಅಳತೆಯಾಗಿ ಇಟ್ಟುಕೊಳ್ಳಿ. 192 ಫ್ರೇಮಾಗುತ್ತದೆ. ವುಡಿ ಮತ್ತು ಬಾಹ್ಯಾಕಾಶ ಯೋಧನ ಗೊಂಬೆ ಬಝ್ ಇಬ್ಬರೂ ಇರುವ, ನಡುವೆ ಕಟ್ ಇಲ್ಲದ ಶಾಟು ಆರಿಸಿ. ಕಾಗದದಲ್ಲಿ ಐದು ಸಾಲು ಮಾಡಿ: ಸೊಂಟ, ಎದೆ, ತಲೆ, ಕೈ, ಕಣ್ಣು. ಯಾವುದು ಎಷ್ಟನೇ ಫ್ರೇಮಿನಲ್ಲಿ ಹೊರಟು ಎಷ್ಟನೇ ಫ್ರೇಮಿನಲ್ಲಿ ನಿಂತಿತು ಎಂದು ಬರೆಯಿರಿ, ಅಷ್ಟೇ. ವುಡಿ ತುಂಬಿದ ಬಟ್ಟೆಯ ಮೈಯವನು. ಅವನ ಭುಜ ನಿಂತ ಮೇಲೂ ಮುಂಗೈ ಮೂರ್ನಾಲ್ಕು ಫ್ರೇಮು ತೂಗಾಡುತ್ತದೆ, ಕೊನೆಗೆ ಬೆರಳು ನಿಲ್ಲುತ್ತದೆ. ಬಝ್ ಗಟ್ಟಿ ಪ್ಲಾಸ್ಟಿಕ್ಕಿನವನು, ಕೀಲಿರುವ ಕಡೆ ಬಿಟ್ಟು ಎಲ್ಲೂ ಬಾಗುವಂತಿಲ್ಲ. ನಿಂತ ಎಂದರೆ ನಿಂತ. ಒಬ್ಬನ ಸಾಲು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಇನ್ನೊಬ್ಬನದು ಒಂದೇ ಗೀಟಿನಲ್ಲಿ ಮುಗಿಯುತ್ತದೆ. ಮಾತೇ ಇಲ್ಲದೆ ಯಾರು ಯಾರೆಂದು ಗೊತ್ತಾಗುವುದು ಈ ವ್ಯತ್ಯಾಸದಿಂದ.

ಸ್ವಂತ ಅಭ್ಯಾಸದಲ್ಲಿ ಎಲ್ಲರಿಗೂ ಆಗುವ ತಪ್ಪು ಎರಡು. ಎಡಗೈ ಬಲಗೈ ಒಂದೇ ಫ್ರೇಮಿನಲ್ಲಿ ಹೊರಟು ಒಂದೇ ಫ್ರೇಮಿನಲ್ಲಿ ನಿಲ್ಲುವುದು ಒಂದು. ಕಂಪ್ಯೂಟರಿನಲ್ಲಿ ಎರಡೂ ಕೈಗೆ ಒಟ್ಟಿಗೆ ಕೀ ಹಾಕುವುದು, ಅಂದರೆ ಇಂಥ ಫ್ರೇಮಿನಲ್ಲಿ ಇಂಥ ಭಂಗಿ ಎಂದು ಗುರುತು ಹಾಕುವುದು, ಸುಲಭವಾದ್ದರಿಂದ ಹೀಗಾಗುತ್ತದೆ. ಒಂದು ಕೈಯ ಕೀಗಳನ್ನು ಎರಡು ಫ್ರೇಮು ತಡ ಮಾಡಿ ಸರಿಸಿ, ಜೀವ ಬರುತ್ತದೆ. ಇನ್ನೊಂದು ರೆಪ್ಪೆಯದು. ಮುಚ್ಚುವುದಕ್ಕೂ ತೆರೆಯುವುದಕ್ಕೂ ಒಂದೇ ಹೊತ್ತು ಕೊಟ್ಟರೆ ಶಟರ್ ಎಳೆದಂತಿರುತ್ತದೆ. ಎರಡು ಫ್ರೇಮಿನಲ್ಲಿ ಮುಚ್ಚಿ, ಒಂದೆರಡು ಫ್ರೇಮು ಮುಚ್ಚಿಟ್ಟು, ಮೂರು ಫ್ರೇಮಿನಲ್ಲಿ ತೆರೆಯಲಿ. ತಲೆ ತಿರುಗುವ ನಡುವೆಯೇ ರೆಪ್ಪೆ ಬಡಿಸಿದರೆ ನೋಟ ಜಾರಿದಂತೆ ಕಾಣುವುದಿಲ್ಲ.

ಹಸಿರು ಪ್ಲಾಸ್ಟಿಕ್ ಸೈನಿಕರ ನಡಿಗೆ ನೋಡಲೇಬೇಕು. ಕಾಲೆರಡೂ ಒಂದೇ ತಟ್ಟೆಗೆ ಅಂಟಿರುವಾಗ ಹೇಗೆ ನಡೆಯುವುದು? ಅನಿಮೇಟರುಗಳು ಹಳೆಯ ಶೂಗಳನ್ನು ಹಲಗೆಗೆ ಮೊಳೆ ಹೊಡೆದು, ಹಾಕಿಕೊಂಡು ನಡೆದೇ ನೋಡಿದರು. ತೂಕವನ್ನು ಒಂದು ಬದಿಗೆ ಎಸೆದು, ಹಲಗೆಯ ಒಂದು ಮೂಲೆಯನ್ನು ಊರಿ, ಇನ್ನೊಂದು ಮೂಲೆಯನ್ನು ಮುಂದಕ್ಕೆ ತಿರುಗಿಸಬೇಕು. ಚಿತ್ರದಲ್ಲಿ ಸೊಂಟ ಮೊದಲು ತಿರುಗಿ ತಟ್ಟೆ ಆಮೇಲೆ ಬರುವುದನ್ನು ಗಮನಿಸಿ.

ಚಿತ್ರಪಟ:
ಹತ್ತಿಬೊಂಬೆ ಅವರ ಐದು ಸಾಲಿನ ಕಾಗದ ತುಂಬಾ ಉಪಯೋಗದ್ದು. ಅದಕ್ಕೆ ಆರನೆಯ ಸಾಲೊಂದು ಸೇರಿಸಿ: ಬೂಟಿನ ಅಡಿ.

ಮೊದಲ ಚಿತ್ರದಲ್ಲಿ ವುಡಿಯ ಬೂಟಿನಡಿ ಆ್ಯಂಡಿಯ ಹೆಸರಿದೆ, ಮಗುವಿನ ಬರಹದಲ್ಲಿ, ‘ಎನ್’ ಅಕ್ಷರ ತಿರುವುಮುರುವಾಗಿ. ಎರಡನೆಯದರಲ್ಲಿ ಗೊಂಬೆ ರಿಪೇರಿಯ ಅಜ್ಜ ಅದರ ಮೇಲೆ ಬಣ್ಣ ಬಳಿಯುತ್ತಾನೆ. ಆ ದೃಶ್ಯವನ್ನು ಅವಸರ ಮಾಡದೆ ನೋಡಿ. ಕಣ್ಣು ಒರೆಸುವುದು, ಹರಿದ ತೋಳಿಗೆ ಸೂಜಿ ಹಾಕುವುದು, ಕೆನ್ನೆಗೆ ಬಣ್ಣ ಊದುವುದು, ಎಲ್ಲವೂ ಅಕ್ಕರೆಯ ಕೆಲಸದಂತೆಯೇ ಇದೆ. ಅದೇ ಅಕ್ಕರೆಯ ಕುಂಚ ಕೊನೆಗೆ ಹೆಸರಿನ ಮೇಲೂ ಹಾಯುತ್ತದೆ. ಹೊಸದಾಗಿ ಹೊಳೆಯುವ ವುಡಿ ಯಾರವನೂ ಅಲ್ಲದವನಾಗುತ್ತಾನೆ. ಆಮೇಲೆ ತಾನೇ ಆ ಬಣ್ಣ ಕೆರೆದು ಹೆಸರನ್ನು ಮೇಲೆ ತರುತ್ತಾನೆ. ನಾಲ್ಕನೆಯದಕ್ಕೆ ಬಂದರೆ ಅಲ್ಲಿ ಬಾನಿಯ ಹೆಸರು, ಮೂರನೆಯದರ ಕೊನೆಗೆ ಆ್ಯಂಡಿ ಗೊಂಬೆಗಳನ್ನು ಕೊಟ್ಟುಹೋಗುವ ಪುಟ್ಟ ಹುಡುಗಿಯದು.

ಆ ಅಜ್ಜ 1997ರ ಗೆರೀಸ್ ಗೇಮ್ ಕಿರುಚಿತ್ರದ ಗೆರಿ. ಅವನ ಪೆಟ್ಟಿಗೆಯ ಒಂದು ಡ್ರಾಯರಿನಲ್ಲಿ ಚದುರಂಗದ ಕಾಯಿಗಳೂ ಇವೆ.

ಕಡತ:
ಎರಡನೆಯ ಚಿತ್ರದ ಮಾತು ಬಂತಲ್ಲ, ಅದು ಅಳಿಸಿಹೋದ ಪ್ರಸಂಗವನ್ನು ಸರಿಯಾಗಿ ಹೇಳಿಬಿಡೋಣ. ಅಲ್ಲಿ ಇಲ್ಲಿ ಅರ್ಧಂಬರ್ಧ ಓಡಾಡುತ್ತಿರುತ್ತದೆ.

1998ರಲ್ಲಿ ಯಾರೋ ಸರ್ವರಿನಲ್ಲಿ ಅಳಿಸುವ ಆಜ್ಞೆಯನ್ನು ಚಿತ್ರದ ಮೂಲ ಕಡತಕೋಶದ ಮೇಲೇ ಓಡಿಸಿಬಿಟ್ಟರು. ಯುನಿಕ್ಸಿನ ‘ಆರ್‌ಎಂ’ ಆಜ್ಞೆ, ಒಳಗಿನದನ್ನೆಲ್ಲ ಕೇಳದೆ ಅಳಿಸು ಎಂಬ ಷರಾಗಳ ಸಮೇತ. ವುಡಿಯ ಕಡತಕೋಶವನ್ನು ತೆರೆದು ನೋಡುತ್ತಿದ್ದವರ ಕಣ್ಣೆದುರೇ ಮೊದಲು ಟೋಪಿ ಹೋಯಿತು, ಆಮೇಲೆ ಬೂಟು, ಆಮೇಲೆ ವುಡಿಯೇ ಹೋದ. ಯಂತ್ರದ ವಿದ್ಯುತ್ ಕಿತ್ತು ನಿಲ್ಲಿಸಿದರು. ಬ್ಯಾಕಪ್ಪಿನಿಂದ ತರೋಣವೆಂದರೆ ಟೇಪುಗಳಲ್ಲಿ ಇರಬೇಕಾದ್ದು ಇರಲಿಲ್ಲ. ಬ್ಯಾಕಪ್ ದಿನಾ ನಡೆಯುತ್ತಿತ್ತು, ಅದು ಪೂರ್ತಿ ಬರೆಯುತ್ತಿಲ್ಲ ಎಂಬುದು ಮಾತ್ರ ಯಾರ ಗಮನಕ್ಕೂ ಬಂದಿರಲಿಲ್ಲ. ಉಳಿಸಿದವರು ತಾಂತ್ರಿಕ ಮೇಲ್ವಿಚಾರಕಿ ಗ್ಯಾಲಿನ್ ಸುಸ್ಮನ್. ಹೆರಿಗೆಯ ನಂತರ ಮನೆಯಿಂದ ಕೆಲಸ ಮಾಡುತ್ತಿದ್ದ ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಅದನ್ನು ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿ ಕಟ್ಟಿ ತಂದರು.

ಇಲ್ಲಿಗೇ ಕಥೆ ನಿಲ್ಲಿಸುವವರು ಬಹಳ. ಮುಂದಿನದೇ ದೊಡ್ಡದು. ಹಾಗೆ ಕಾಪಾಡಿದ ಚಿತ್ರದ ಬಹುಪಾಲನ್ನು ಆಮೇಲೆ ಅವರೇ ಬದಿಗಿಟ್ಟರು. ಕಥೆ ಸರಿಯಿಲ್ಲವೆಂದು ತೀರ್ಮಾನಿಸಿ, ಬಿಡುಗಡೆಗೆ ಒಂಬತ್ತು ತಿಂಗಳು ಇರುವಾಗ ಹೊಸದಾಗಿ ಕಟ್ಟಿದರು. ನೇರ ವಿಡಿಯೊಗೆಂದು ಶುರುವಾಗಿದ್ದ ಕೆಲಸ ಅದು. 1999ರ ನವೆಂಬರಿನಲ್ಲಿ ಚಿತ್ರಮಂದಿರಕ್ಕೆ ಬಂತು.

ಫ್ರೇಮು ತೆಗೆದು ಅಭ್ಯಾಸ ಮಾಡುವವರಿಗೂ ಇದರಲ್ಲಿ ಕೆಲಸದ ವಿಷಯ ಇದೆ. 192 ಪೂರ್ಣ ಎಚ್‌ಡಿ ಫ್ರೇಮನ್ನು ಪಿಎನ್‌ಜಿಯಾಗಿ ಉಳಿಸಿದರೆ ಸುಮಾರು ಅರ್ಧ ಜಿಬಿ ಆಗುತ್ತದೆ. ಟಿಪ್ಪಣಿ ಸಮೇತ ಇನ್ನೊಂದು ಡಿಸ್ಕಿಗೆ ನಕಲು ಹಾಕಿ. ಹಾಕಿದ ಮೇಲೆ ಅಲ್ಲಿಂದ ನಾಲ್ಕು ಫೈಲು ತೆರೆದು ನೋಡಿ. ನಕಲು ಮುಗಿಯಿತು ಎಂಬ ಸಂದೇಶವನ್ನು ನಂಬಬೇಡಿ, ತೆರೆದುಕೊಂಡ ಫೈಲನ್ನು ನಂಬಿ.

ಮೂರನೇಮನೆ:
ಕಡತ ಅವರೇ, ಮೂರನೆಯ ಚಿತ್ರಕ್ಕೆ ಹಳೆಯ ವುಡಿಯ ಮಾದರಿಯನ್ನೇ ಬಳಸಿದರಾ? ನೋಡಿದರೆ ಅದೇ ವುಡಿ ಅನ್ನಿಸುತ್ತದೆ.

ಕಡತ:
ಅನ್ನಿಸಬೇಕು ಅಂತಲೇ ಮಾಡಿದ್ದು. ಮೂರನೆಯದನ್ನು ಶುರುಮಾಡಿದಾಗ ಹಳೆಯ ಕಡತಗಳನ್ನು ತೆರೆದು ನೋಡಲು ಆಗುತ್ತಿತ್ತು, ಹೊಸ ಸಾಫ್ಟ್‌ವೇರಿನಲ್ಲಿ ತಿದ್ದಲು ಆಗುತ್ತಿರಲಿಲ್ಲ. ಹಾಗಾಗಿ ಪಾತ್ರಗಳನ್ನೆಲ್ಲ ಬುಡದಿಂದ ಮತ್ತೆ ಕಟ್ಟಿದರು. ಮೊದಲ ವುಡಿಯ ಅಂಗಿ ಬಟ್ಟೆಯ ಬಣ್ಣ ಹೊದ್ದ ಗಟ್ಟಿ ಮೇಲ್ಮೈ. ಬಟ್ಟೆಯನ್ನು ಬಟ್ಟೆಯಾಗಿಯೇ ಲೆಕ್ಕ ಹಾಕುವ ವಿಧಾನವನ್ನು ಪಿಕ್ಸಾರ್ ಗೆರೀಸ್ ಗೇಮ್‌ನಲ್ಲಿ ಗೆರಿಯ ಕೋಟಿನ ಮೇಲೆ ಪ್ರಯೋಗ ಮಾಡಿತು. ಹತ್ತಿರದ ಶಾಟಿನಲ್ಲಿ ಅಂಗಿಯ ಹೊಲಿಗೆ ನೋಡಿ, ಒಂದರಿಂದ ನಾಲ್ಕಕ್ಕೆ ನೂಲು ಎಷ್ಟು ಬಿಡಿಬಿಡಿಯಾಗುತ್ತಾ ಬರುತ್ತದೆಂದು ತಿಳಿಯುತ್ತದೆ. ಹೀಗಿದ್ದೂ ಮುಖದ ಅಳತೆ, ಹುಬ್ಬಿನ ಕೊಂಕು ಮಾತ್ರ ನಮ್ಮ ನೆನಪಿಗೆ ತಾಳೆಯಾಗಬೇಕು. ಹೊಸ ಯಂತ್ರದಲ್ಲಿ ಹೊಸ ಪಾತ್ರ ಮಾಡುವುದಕ್ಕಿಂತ ಇದು ಕಠಿಣ.

ಮೊದಲೆರಡು ಚಿತ್ರಗಳು 2009ರ ಅಕ್ಟೋಬರಿನಲ್ಲಿ 3ಡಿಯಲ್ಲಿ ಮರುಬಿಡುಗಡೆಯಾದವು. ಹಳೆಯ ದತ್ತಾಂಶವನ್ನು ಎಬ್ಬಿಸಿ ಕೆಲಸಕ್ಕೆ ಬರುವಂತೆ ಮಾಡಲಿಕ್ಕೇ ನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಪ್ರತಿ ಶಾಟಿಗೂ ಇನ್ನೊಂದು ಕಣ್ಣಿನ ಕ್ಯಾಮೆರಾ ಇಟ್ಟು ಮತ್ತೆ ರೆಂಡರ್ ಮಾಡಿದರು. ಚಪ್ಪಟೆ ಚಿತ್ರವನ್ನು ಎಳೆದು ಆಳ ಕೊಟ್ಟದ್ದಲ್ಲ ಅದು, ಹಳೆಯ ಕೋಣೆಯೊಳಕ್ಕೆ ಮತ್ತೆ ಹೋಗಿ ತೆಗೆದದ್ದು.

ದನಿಪೆಟ್ಟಿಗೆ:
ದನಿಯ ಕಡೆಯಿಂದ ನೋಡಿದರೆ ಚಿತ್ರಪಟ ಅವರ ಮಾತಿಗೆ ಇನ್ನಷ್ಟು ಬಲ ಬರುತ್ತದೆ. ಆ್ಯಂಡಿಯ ದನಿ ಮೊದಲ ಮೂರೂ ಚಿತ್ರದಲ್ಲಿ ಜಾನ್ ಮಾರಿಸ್ ಅವರದೇ. 1995ರಲ್ಲಿ ಬಾಲಕ, 2010ರಲ್ಲಿ ವಯಸ್ಕ. ಒಡೆದ ಗಂಟಲನ್ನು ಯಾರೂ ನಟಿಸಿಲ್ಲ, 15 ವರ್ಷ ತಾನಾಗಿ ಅದನ್ನು ಮಾಡಿತ್ತು. ಮೊದಲ ಚಿತ್ರದಲ್ಲಿ ಗೊಂಬೆಗಳನ್ನು ಮುರಿಯುತ್ತಿದ್ದ ಪಕ್ಕದ ಮನೆಯ ಹುಡುಗ ಸಿಡ್ ಕೂಡ ಮೂರನೆಯದರಲ್ಲಿ ಬರುತ್ತಾನೆ, ಕಸ ಒಯ್ಯುವ ಕೆಲಸದವನಾಗಿ, ಅದೇ ತಲೆಬುರುಡೆಯ ಟೀಶರ್ಟು ತೊಟ್ಟು. ದನಿ ಆಗಿನ ಎರಿಕ್ ವಾನ್ ಡೆಟನ್ ಅವರದೇ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ, ಕಿವಿ ಕೊಟ್ಟರೆ ಸಿಗುತ್ತದೆ.

ಬಾನಿಯ ವಿಷಯದಲ್ಲಿ ಆದದ್ದು ಇದಕ್ಕೆ ಉಲ್ಟಾ. ಮೂರನೆಯದರಲ್ಲಿ ಎಮಿಲಿ ಹಾನ್, ನಾಲ್ಕನೆಯದರಲ್ಲಿ ಮ್ಯಾಡಲಿನ್ ಮೆಕ್‌ಗ್ರಾ. ಹೊರಗೆ ಒಂಬತ್ತು ವರ್ಷ ಕಳೆದರೂ ಬಾನಿ ಇನ್ನೂ ಶಿಶುವಿಹಾರಕ್ಕೆ ಸೇರುವ ಮಗುವಾಗಿಯೇ ಇರಬೇಕಿತ್ತು.

ಸ್ಲಿಂಕಿ ನಾಯಿಯ ಜಿಮ್ ವಾರ್ನಿ 2000ದಲ್ಲಿ ತೀರಿಕೊಂಡರು, ಮೂರನೆಯದರಿಂದ ಬ್ಲೇಕ್ ಕ್ಲಾರ್ಕ್. ಆಲೂಗಡ್ಡೆ ತಲೆಯವನ ಡಾನ್ ರಿಕಲ್ಸ್ 2017ರಲ್ಲಿ ತೀರಿಕೊಂಡಾಗ ನಾಲ್ಕನೆಯದಕ್ಕೆ ಒಂದು ಸಾಲೂ ಧ್ವನಿಮುದ್ರಣವಾಗಿರಲಿಲ್ಲ. ಕುಟುಂಬದವರ ಒಪ್ಪಿಗೆ ಪಡೆದು, ಹಿಂದಿನ ಮುದ್ರಣಗಳನ್ನು ಜಾಲಾಡಿ ಮಾತು ಜೋಡಿಸಿದರು. ಅಲ್ಲಿ ಅವನ ಸಾಲುಗಳು ಚಿಕ್ಕವು, ಬಿಡಿಬಿಡಿ. ಕಾರಣ ತಿಳಿದ ಮೇಲೆ ಆ ಚಿಕ್ಕ ಸಾಲುಗಳನ್ನು ಕೇಳುವ ರೀತಿಯೇ ಬೇರೆಯಾಗುತ್ತದೆ.

ಮೂರನೇಮನೆ:
ಮೂರನೆಯ ಚಿತ್ರದ ಕೊನೆಯಲ್ಲಿ ನಿಲ್ಲಿಸಿ ನೋಡಬೇಕಾದ ಜಾಗ ಯಾವುದೆಂದು ಕೇಳಿದರೆ ನನ್ನ ಉತ್ತರ ಒಂದೇ. ಆ್ಯಂಡಿ ಬಾನಿಯ ಮನೆಯಂಗಳದಲ್ಲಿ ಕುಳಿತು ಗೊಂಬೆಗಳನ್ನು ಒಂದೊಂದಾಗಿ ಪರಿಚಯ ಮಾಡಿಕೊಡುತ್ತಾನೆ. ಪೆಟ್ಟಿಗೆಯ ತಳದಲ್ಲಿ ವುಡಿ ಸಿಗುತ್ತಾನೆ, ಅವನನ್ನು ಕೊಡುವ ಎಣಿಕೆ ಇರಲಿಲ್ಲ. ಬಾನಿ ಕೈ ಚಾಚುತ್ತಾಳೆ. ಆ್ಯಂಡಿಯ ಕೈ ವುಡಿಯನ್ನು ಥಟ್ಟನೆ ತನ್ನೆಡೆಗೆ ಎಳೆದುಕೊಳ್ಳುತ್ತದೆ.

ಆ ಎಳೆತವನ್ನು ಫ್ರೇಮು ಫ್ರೇಮಾಗಿ ನೋಡಿ. ಕೈ ಮೊದಲು ಹೋಗುತ್ತದೆ, ಮುಖ ಆಮೇಲೆ ತಿಳಿಯುತ್ತದೆ. ಯೋಚಿಸಿ ಮಾಡುವ ಕೆಲಸದಲ್ಲಿ ಅನಿಮೇಟರು ಕಣ್ಣನ್ನು ಮೊದಲು ಆಡಿಸಿ ಕೈಯನ್ನು ಆಮೇಲೆ ಆಡಿಸುತ್ತಾರೆ. ಇಲ್ಲಿ ಆ ಕ್ರಮ ತಲೆಕೆಳಗು. ಹಾಗಾಗಿಯೇ ಅದು 17ರ ಹುಡುಗನ ನಿರ್ಧಾರದಂತೆ ಕಾಣದೆ, ಮೊದಲ ಚಿತ್ರದ ಮಗುವಿನ ಕೈ ಇನ್ನೂ ಅವನೊಳಗೆ ಇದೆಯೆಂಬಂತೆ ಕಾಣುತ್ತದೆ. 1995ರ ಆ್ಯಂಡಿಯಿಂದ ಈ ಅಭಿನಯ ಸಾಧ್ಯವೇ ಇರಲಿಲ್ಲ, ಕ್ಯಾಮೆರಾ ಅವನ ಮುಖದ ಮೇಲೆ ಇಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಮುಖದ ತಂತ್ರ ಬೆಳೆಯಲು 15 ವರ್ಷ ಬೇಕಾಯಿತು, ಅದೇ 15 ವರ್ಷದಲ್ಲಿ ಹುಡುಗನೂ ಬೆಳೆದ.

ಇಲ್ಲಿಗೆ ಸರಣಿ ಮುಗಿದಿದ್ದರೆ ಸಾಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಾಲ್ಕನೆಯದು ಎಷ್ಟೇ ಚೆನ್ನಾಗಿದ್ದರೂ ಈ ಬಾಗಿಲನ್ನು ಮತ್ತೆ ತೆರೆಯಿತು.

ನೆರಳುಬೆಳಕು:
ಕೊನೆಯ ಮಾತನ್ನು ಒಪ್ಪಲಾರೆ ಸರ್. ಮೊದಲ ಮೂರರಲ್ಲಿ ಮಕ್ಕಳು ಬೆಳೆದು ಗೊಂಬೆಯನ್ನು ಬಿಡುತ್ತಾರೆ. ನಾಲ್ಕರಲ್ಲಿ ಬಿಟ್ಟು ಹೋಗುವವನು ಗೊಂಬೆ. ಬೂಟಿನಡಿಯ ಹೆಸರಿಲ್ಲದೆ ತಾನು ಯಾರು ಎಂಬ ಪ್ರಶ್ನೆಯನ್ನು ಎರಡನೆಯ ಚಿತ್ರವೇ ಎತ್ತಿತ್ತು, ಉತ್ತರ ಬಂದದ್ದು ಇಲ್ಲಿ.

ಕುಶಲತೆಯಲ್ಲೂ ಪಿಂಗಾಣಿಯ ಗೊಂಬೆ ಬೋ ಪೀಪ್ ಒಬ್ಬಳೇ ಸಾಕು. ಪಿಂಗಾಣಿಯ ಮೇಲಿನ ಗಾಜಿನಂತಹ ಲೇಪ, ಅದರ ಕೆಳಗಿನ ಬಣ್ಣ, ಲೇಪದೊಳಗಿನ ಕೂದಲೆಳೆಯಂಥ ಬಿರುಕು, ಮೂರೂ ಬೇರೆ ಬೇರೆ ಪದರಗಳಾಗಿ ಕಾಣುತ್ತವೆ. ಬಟ್ಟೆಯ ವುಡಿಗೆ ಬಗ್ಗುವ ಸ್ವಾತಂತ್ರ್ಯವಿದೆ, ಪಿಂಗಾಣಿಯವಳಿಗೆ ಇಲ್ಲ, ಬಗ್ಗಿದರೆ ಒಡೆಯಬೇಕು. ಅವಳ ಮುರಿದ ಕೈಗೆ ಸುತ್ತಿದ ಪಟ್ಟಿ ಅದನ್ನೇ ಹೇಳುತ್ತದೆ. ಆರಂಭದ ಮಳೆಯ ದೃಶ್ಯವನ್ನು ಮೊದಲ ಚಿತ್ರದ ಕಿಟಕಿಯಾಚೆಯ ಮಳೆಯ ಜೊತೆ ಇಟ್ಟು ನೋಡಿ. ಈಗ ಬೆಳಕಿನ ಕಿರಣವನ್ನು ಬೆನ್ನುಹತ್ತುವ ಲೆಕ್ಕ ಪೂರ್ತಿ ಬಂದಿದೆ, ಒದ್ದೆ ನೆಲದಲ್ಲಿ ದೀಪ ತಾನಾಗಿ ಹೊಳೆಯುತ್ತದೆ.

ಇನ್ನೊಂದು ವ್ಯತ್ಯಾಸ ಚೌಕಟ್ಟಿನದು, ಅಂದರೆ ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣ. ಮೊದಲ ಮೂರು 1.85:1, ನಾಲ್ಕನೆಯದು 2.39:1. 1920 ಅಗಲದ ಪರದೆಯಲ್ಲಿ ಚಿತ್ರ ಸುಮಾರು 803 ಗೆರೆಯಷ್ಟೇ ಎತ್ತರ ಇರುತ್ತದೆ, ಮೇಲೆ ಕೆಳಗೆ ಕಪ್ಪು ಪಟ್ಟಿ. ಅಕ್ಕಪಕ್ಕ ಹೋಲಿಸುವಾಗ ಕಪ್ಪು ಪಟ್ಟಿ ಕತ್ತರಿಸಿ, ವುಡಿಯ ತಲೆಯ ಎತ್ತರ ಎರಡರಲ್ಲೂ ಒಂದೇ ಬರುವಂತೆ ಅಳತೆ ಮಾಡಿಕೊಳ್ಳಿ. ಮಸೂರಗಳನ್ನೂ ಗಣಕದಲ್ಲೇ ಕಟ್ಟಿದ್ದಾರೆ. ಹಳೆ ಸಾಮಾನಿನ ಅಂಗಡಿಯಲ್ಲಿ ಹಿಂದೆ ಮಸುಕಾದ ದೀಪಗಳು ದುಂಡಗಿಲ್ಲ, ಮೊಟ್ಟೆಯಾಕಾರ. ಅಗಲ ಪರದೆಗೆ ಬಳಸುವ ಅನಮಾರ್ಫಿಕ್ ಮಸೂರದ ಗುಣ ಅದು. ಕೆಲವು ಶಾಟುಗಳಲ್ಲಿ ಹತ್ತಿರದ ಮುಖವೂ ದೂರದ ಮುಖವೂ ಒಟ್ಟಿಗೆ ಸ್ಪಷ್ಟ, ನಡುವೆ ಮಾತ್ರ ಮಸುಕಿನ ಗೆರೆ. ಮಸೂರದ ಅರ್ಧಕ್ಕೆ ಇನ್ನೊಂದು ಗಾಜು ಹಾಕಿ ತೆಗೆಯುವ ಹಳೆಯ ಉಪಾಯದ ನಕಲು.

ಮಲ್ಲಿಗೆಮೊಗ್ಗು:
ಮಕ್ಕಳಿಗೆ ಮೊದಲ ಸಲ ತೋರಿಸುವವರು ಹೇಗೆ ತೋರಿಸಬೇಕು? ನಾಲ್ಕನ್ನೂ ಒಂದೇ ರಜೆಯಲ್ಲಿ ಮುಗಿಸಬಹುದೇ?

ಬೆಳದಿಂಗಳು:
ಅಮೆರಿಕದಲ್ಲಿ ನಾಲ್ಕಕ್ಕೂ ‘ಜಿ’ ದರ್ಜೆ, ಅಂದರೆ ಎಲ್ಲ ವಯಸ್ಸಿನವರೂ ನೋಡಬಹುದು. ಆದರೆ ಹೆದರಿಕೆಯ ಪ್ರಮಾಣ ನಾಲ್ಕರಲ್ಲೂ ಒಂದೇ ಅಲ್ಲ. ಮೊದಲನೆಯದರಲ್ಲಿ ಸಿಡ್‌ನ ಕೋಣೆ, ಅದರಲ್ಲೂ ಜೇಡದ ಕಾಲಿನ ಮೇಲೆ ನಿಂತ ಮಗುವಿನ ತಲೆ. ಆ ಗೊಂಬೆಗಳು ಕೆಟ್ಟವಲ್ಲ, ಆಮೇಲೆ ಸಹಾಯ ಮಾಡುತ್ತವೆ ಎಂದು ಮುಂಚೆಯೇ ಹೇಳಿಬಿಡಿ. ಅಷ್ಟು ಹೇಳಿದರೆ ಕಥೆಯ ರುಚಿ ಕೆಡುವುದಿಲ್ಲ. ಮೂರನೆಯದರಲ್ಲಿ ತಾಳ ಬಡಿಯುವ ಕೋತಿ, ಕೊನೆಗೆ ಕಸ ಸುಡುವ ಕುಲುಮೆ. ಕುಲುಮೆಯಲ್ಲಿ ಕೊನೆಗೆ ಮಾತು ನಿಂತುಹೋಗುತ್ತದೆ, ಕೈ ಕೈ ಹಿಡಿಯುತ್ತಾರೆ ಅಷ್ಟೇ, ಚಿಕ್ಕವರಿಗೆ ಆ ಮೌನವೇ ಹೆದರಿಕೆ. ನಾಲ್ಕನೆಯದರಲ್ಲಿ ಹಳೆ ಸಾಮಾನಿನ ಅಂಗಡಿಯ ವೆಂಟ್ರಿಲೋಕ್ವಿಸ್ಟ್ ಬೊಂಬೆಗಳು (ಕಲಾವಿದರು ಮಡಿಲಲ್ಲಿ ಕೂರಿಸಿಕೊಂಡು ಮಾತಾಡಿಸುವಂಥವು), ಕತ್ತು ಜೋತುಬಿದ್ದು ನಡೆಯುವಂಥವು.

ಒಂದೇ ರಜೆಯಲ್ಲಿ ಮುಗಿಸಬೇಡಿ. ಒಂದು ಮತ್ತು ಎರಡನ್ನು ಹತ್ತಿರ ಹತ್ತಿರ ತೋರಿಸಿ, ಎರಡರಲ್ಲೂ ಆ್ಯಂಡಿ ಚಿಕ್ಕವನೇ. ಮೂರನೆಯದಕ್ಕೆ ಕನಿಷ್ಠ ಒಂದೆರಡು ವರ್ಷ ಬಿಡಿ. ಮಗು ತಾನೇ ಕೆಲವು ಆಟಿಕೆ ಮರೆತು ಮೂಲೆಗೆ ಹಾಕಿರಬೇಕು. ಸಂಜೆಗೊಂದರಂತೆ ಓಡಿಸಿದರೆ ಆ್ಯಂಡಿ ಮೊನ್ನೆ ಚಿಕ್ಕವನು, ಇವತ್ತು ದೊಡ್ಡವನು, ಅಷ್ಟೇ ಆಗುತ್ತದೆ. ನಡುವಿನ ಕಾಲವನ್ನು ಚಿತ್ರ ತೋರಿಸುವುದಿಲ್ಲ, ಅದನ್ನು ನೋಡುವ ಮಗುವೇ ತರಬೇಕು.

ನಾಲ್ಕನೆಯದು ಬೇಕಾದರೆ ಬೇಗ ತೋರಿಸಬಹುದು, ಬಾನಿ ತಾನೇ ಮಾಡಿಕೊಳ್ಳುವ ಆಟಿಕೆ ಫೋರ್ಕಿಯ ದೆಸೆಯಿಂದ. ಚಮಚ-ಮುಳ್ಳು, ಮೃದು ತಂತಿಯ ಕೈ, ಅಲುಗಾಡುವ ಕಣ್ಣು, ಐಸ್‌ಕ್ರೀಂ ಕಡ್ಡಿಯ ಪಾದ, ಜೇಡಿಯ ಬಾಯಿ. ಮಕ್ಕಳು ನೋಡಿದ ದಿನವೇ ಮಾಡಲು ಕೂರುತ್ತಾರೆ. ಮಾಡುವಾಗ ಕಣ್ಣುಗಳನ್ನು ಬೇರೆ ಬೇರೆ ಅಳತೆಯವು ಹಾಕಿ, ಕಡ್ಡಿಯನ್ನು ಮಧ್ಯಕ್ಕೆ ಮುರಿದು ಜೇಡಿಯಲ್ಲಿ ಅಗಲವಾಗಿ ನೆಡಿ. ಪಾದ ಹತ್ತಿರವಾದರೆ ಮೇಲಿನ ಭಾರಕ್ಕೆ ಮುಗ್ಗರಿಸುತ್ತದೆ. ಪಾದದಲ್ಲಿ ಹೆಸರು ಬರೆಯಲು ಮರೆಯಬೇಡಿ, ಬಾನಿಯೂ ಬರೆದಿದ್ದಾಳೆ.

ಹತ್ತಿಬೊಂಬೆ:
ಬೆಳದಿಂಗಳು ಅವರು ಹೇಳಿದ ಅಂತರದ ಮಾತು ನನಗೆ ಹೊಳೆದೇ ಇರಲಿಲ್ಲ. ಮಕ್ಕಳಿಗೆ ತೋರಿಸುವವರು ಇದನ್ನೇ ಅನುಸರಿಸಲಿ.

ಚಿತ್ರಪಟ:
ಎಲ್ಲರಿಗೂ ಧನ್ಯವಾದ. ಟಿಪ್ಪಣಿ ಹಾಳೆಗೆ ಕೊನೆಯದೊಂದು ಜೋಡಿ ಸೇರಿಸುತ್ತೇನೆ. ಮೊದಲ ಚಿತ್ರ ತೆರೆದುಕೊಳ್ಳುವುದೇ ಆ್ಯಂಡಿಯ ಕೋಣೆಯ ಗೋಡೆಕಾಗದದ ಮೇಲೆ: ನೀಲಿ ಹಿನ್ನೆಲೆ, ಬಿಳಿ ಮೋಡಗಳು. ಅದನ್ನು ನಿಲ್ಲಿಸಿ ಒಂದು ಫ್ರೇಮು ಉಳಿಸಿಕೊಳ್ಳಿ. ಆಮೇಲೆ ಮೂರನೆಯದರ ಕೊನೆಗೆ ಹೋಗಿ. ಕಾರು ಹೊರಟು, ಕ್ಯಾಮೆರಾ ಮೇಲಕ್ಕೆ ಎದ್ದು, ಬರೀ ಆಕಾಶ ಉಳಿಯುತ್ತದೆ. ಶೀರ್ಷಿಕೆಗಳು ಶುರುವಾಗುವ ಮುಂಚಿನ ಫ್ರೇಮು ಬೇಕು, ಒಂದು ಸೆಕೆಂಡು ತಡವಾದರೂ ತಪ್ಪುತ್ತದೆ, ಆದ್ದರಿಂದ ಕೆಲವು ಸೆಕೆಂಡು ಹಿಂದಿನಿಂದಲೇ ಒಂದೊಂದು ಫ್ರೇಮು ಒತ್ತುತ್ತಾ ಬನ್ನಿ. ಎರಡನ್ನೂ ಅಕ್ಕಪಕ್ಕ ಇಡಿ, ಬಣ್ಣ ಬದಲಾಯಿಸಬೇಡಿ. ಮೋಡಗಳ ಆಕಾರ, ಅವು ಹರಡಿರುವ ರೀತಿ, ಎರಡರಲ್ಲೂ ಒಂದೇ.